ಮರೆ ಎಂಬದು ದೋಷವೋ?

"ತಪ್ಪು ಮಾಡದವನಿಗೆ ಮರೆ ಯಾತಕ್ಕೆ?" ಎಂದು ಕೆಲವರು ಕೇಳುವದುಂಟು. ಅಂತರಜಾಲದಲ್ಲಿ ತಮ್ಮ ಹೆಸರು, ಫೋನಿನ ಸಂಖ್ಯೆ, ಹೋಗಿಬರುವ ಸ್ಥಳ ಇವುಗಳನ್ನು ಅನ್ಯರು ತಿಳುಕೊಂಡರೆ ನಷ್ಟವೇನೆಂಬದು ಇವರ ಅಭಿಪ್ರಾಯ. ಪ್ರಿಯ ಓದುಗರೇ, ಈ ಮಾತು ನ್ಯಾಯವಾಗಿ ತೋರಿದರೂ ನಾವು ಅದನ್ನು ಶೋಧಿಸಿ ನೋಡತಕ್ಕದ್ದು. ನಮ್ಮ ಮನೆಗಳಿಗೆ ಕದವಿರುವದು ಒಳಗೆ ಕಳವಿನ ಸೊತ್ತು ಇರುವದರಿಂದಲ್ಲವಷ್ಟೆ. ರೋಗಿಯು ತನ್ನ ಬೇನೆಯನ್ನು ವೈದ್ಯನಿಗೆ ಹೇಳುತ್ತಾನೆ, ಸಂತೆಯಲ್ಲಿ ಸಾರುವದಿಲ್ಲ. ಇದು ಕಪಟವಲ್ಲ, ಮರ್ಯಾದೆಯೇ.

ಈ ಅಪಾಯವನ್ನು ಜನರು ಮೂರು ವಿಧವಾಗಿ ಎದುರಿಸುತ್ತಾರೆ. ಕೆಲವರು, ಹೇಗೂ ಎಲ್ಲವು ಬೈಲಾಗಿದೆ ಎಂದು ಕೈಚೆಲ್ಲಿ, ಕೇಳಿದ್ದಕ್ಕೆಲ್ಲಾ ಒಪ್ಪಿಗೆಯನ್ನು ಒತ್ತುತ್ತಾರೆ. ಬೀಗ ಕೆಟ್ಟಿತೆಂದು ಕದವನ್ನೇ ಕಿತ್ತುಹಾಕಿದ ಹಾಗೆ ಇದು. ಬೇರೆ ಕೆಲವರು ಸುಳ್ಳು ಹೆಸರನ್ನೂ ಸುಳ್ಳು ಜನ್ಮದಿನವನ್ನೂ ಬರೆಯುತ್ತಾರೆ. ಕೇಳುವ ಹಕ್ಕಿಲ್ಲದವನಿಗೆ ಉತ್ತರ ಕೊಡದಿರುವದು ಸುಳ್ಳಲ್ಲ. ಆದರೆ ಮೌನದಿಂದ ಆಗುವ ಕೆಲಸಕ್ಕೆ ಸುಳ್ಳನ್ನು ಯಾಕೆ ಕರೆಯಬೇಕು? ಫೋನಿನಲ್ಲಿ ಕಲಿತ ಅಭ್ಯಾಸವು ಫೋನಿನಲ್ಲಿಯೇ ನಿಲ್ಲದು. ಮೂರನೆಯವರು ಬೇಕಾದಷ್ಟನ್ನೇ ಕೊಟ್ಟು ಮಿಕ್ಕದ್ದನ್ನು ಇಟ್ಟುಕೊಳ್ಳುತ್ತಾರೆ. ಒಟಿಪಿಯನ್ನು ಯಾರಿಗೂ ಹೇಳರು. ಆಧಾರಿನ ಕಡೇ 4 ಅಂಕೆಗಳು ಮಾತ್ರ ಕಾಣುವ ಪ್ರತಿ ಸಾಕಾಗುವಲ್ಲಿ ಅದನ್ನೇ ಕೊಡುವರು. ಬರೇ ಬೆಳಕು ತೋರಿಸುವ ಆ್ಯಪು ಪರಿಚಿತರ ಪಟ್ಟಿಯನ್ನು ಕೇಳಿದರೆ ಅನುಮತಿಸರು. ಇವರ ದಾರಿಯೇ ನಮಗೆ ಒಳ್ಳೇದಾಗಿ ಕಾಣುತ್ತದೆ.

ಅದಕ್ಕೆ ಒಂದು ಕಾರಣವನ್ನು ಹೇಳುವೆವು. ನಮ್ಮ ನೆರೆಯವರೊಬ್ಬರು ಆ್ಯಪಿನ ಮೂಲಕ ಅಲ್ಪ ಸಾಲವನ್ನು ತೆಗೆದುಕೊಂಡು, ಪರಿಚಿತರ ಪಟ್ಟಿಯನ್ನು ನೋಡಲು ಅದಕ್ಕೆ ಅನುಮತಿ ಕೊಟ್ಟಿದ್ದರು. ವಾಯಿದೆ ತಪ್ಪಿದ ಕೂಡಲೆ ಅವರ ಅತ್ತೆಗೂ ಮಗಳ ಶಿಕ್ಷಕರಿಗೂ ನಮಗೂ ಬೈಗಳ ಕರೆಗಳು ಬಂದವು. ಆ ಮನುಷ್ಯರು ಅನೇಕ ದಿನ ಬೀದಿಗೆ ಬರಲಿಲ್ಲ. ಸಾಲದ ಆ್ಯಪುಗಳು ಪರಿಚಿತರ ಪಟ್ಟಿಯನ್ನು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿತು. ಆದರೂ ನಿಯಮವನ್ನು ಮೀರುವವರು ಇದ್ದೇ ಇರುವರು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರಿನ ವಿಷಯವಾಗಿ 2012ರಲ್ಲಿ ಅರ್ಜಿ ಹಾಕಿದರು. ಅದರಿಂದ ಹುಟ್ಟಿದ ಪ್ರಶ್ನೆಗೆ 2017ನೇ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಾಧೀಶರು ಏಕಮತವಾಗಿ, ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪು ಕೊಟ್ಟರು. ಆದುದರಿಂದ ಮರೆಯು ಅಪರಾಧಿಯ ಆಶ್ರಯವೆಂದು ಹೇಳಕೂಡದು. ಅದು ಪ್ರತಿ ಮನುಷ್ಯನ ಪಾಲು.

ಆದರೆ ಹಕ್ಕು ನಮಗಿರುವಂತೆ ನೆರೆಯವನಿಗೂ ಉಂಟು. ನಮ್ಮ ಫೋನಿನಲ್ಲಿರುವ ಇನ್ನೂರು ಹೆಸರುಗಳು ನಮ್ಮ ಸೊತ್ತಲ್ಲ. ನಂಬಿ ಕೊಟ್ಟ ಒತ್ತೆಯೇ. ನಮ್ಮ ಗುಟ್ಟನ್ನು ಬಿಟ್ಟುಕೊಡುವದು ನಮ್ಮ ಇಷ್ಟವಾಗಬಹುದು, ಪರರದ್ದನ್ನು ಬಿಟ್ಟುಕೊಡುವದು ದ್ರೋಹವೇ ಸರಿ. ಹೀಗಿರಲಾಗಿ, ಒಪ್ಪಿಗೆಯನ್ನು ಒತ್ತುವ ಮೊದಲು ನಾವು ಪ್ರತಿಯೊಬ್ಬರೂ ಒಂದು ಕ್ಷಣ ತಡೆದು, "ಇದು ಕೊಡುವದಕ್ಕೆ ನನ್ನದೋ?" ಎಂದು ನಮ್ಮನ್ನೇ ಕೇಳಿಕೊಳ್ಳೋಣ.