ಹೊರಡುವಾಗ ತಿರುಗಿ ನೋಡಿದನಾ?

ಹಲಸಿನಕಾಯಿ ಹಪ್ಪಳಕ್ಕೆ ಕೂತ ದಿನ ನಮ್ಮ ಮನೆಯಲ್ಲಿ ಯಾರಾದರೂ ಸಿನಿಮಾ ಕಥೆ ಹೇಳಲೇಬೇಕಿತ್ತು. ಸಾಗರದ ಸೀಮೆ, ಏಪ್ರಿಲ್ ತಿಂಗಳು, ಶಾಲೆಗೆ ದೊಡ್ಡ ರಜೆ. ಬೇಯಿಸಿದ ತೊಳೆಗಳನ್ನು ಒರಳಿಗೆ ಹಾಕಿ ಕುಟ್ಟಿ, ಉಂಡೆ ಕಟ್ಟಿ, ಎರಡು ಬಾಳೆಲೆಯ ನಡುವೆ ಇಟ್ಟು ಮಣೆಯಿಂದ ಒತ್ತುವುದು ಹೆಂಗಸರ ಕೆಲಸ. ಒತ್ತಿದ್ದನ್ನು ಅಂಗಳದ ಚಾಪೆಯ ಮೇಲೆ ಹರವಿ ಕಾಗೆ ಕಾಯುವುದು ಮಕ್ಕಳ ಪಾಲಿಗೆ. ಹಿಂದಿನ ರಾತ್ರಿ ಟೆಂಟಿಗೆ ಹೋಗಿ ಬಂದವರಿಗೆ ಮಾತ್ರ ಕಾಗೆ ಕಾಯುವುದರಿಂದ ವಿನಾಯಿತಿ. ಅವರು ಜಗಲಿಯಲ್ಲಿ ಕೂತು, ಹಪ್ಪಳದ ಹಿಟ್ಟು ಚಪ್ಪರಿಸುತ್ತ, ನೋಡಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಬೇಕು.

ನಮ್ಮ ದೊಡ್ಡಮ್ಮ ಒಂದು ಸಲವೂ ಟೆಂಟಿಗೆ ಬಂದವರಲ್ಲ. ಮೂರು ಮೈಲಿ ನಡಿಗೆ, ಕೊಟ್ಟಿಗೆ ತುಂಬ ದನ, ಬೆಳಕು ಹರಿಯುವ ಮೊದಲೇ ಹಾಲು ಕರೆಯಬೇಕು. ಅವರ ಪಾಲಿಗೆ ಸಿನಿಮಾ ಅಂದರೆ ನಾವು ಹೇಳಿದ್ದೇ ಸಿನಿಮಾ. ಹಾಗಾಗಿ ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದರು. ‘ಭೂತಯ್ಯನ ಮಗ ಅಯ್ಯು’ ನೋಡಿ ಬಂದು ಲೋಕನಾಥ್ ಅವರ ಉಪ್ಪಿನಕಾಯಿಯ ಆಸೆಯನ್ನು ವರ್ಣಿಸುತ್ತಿದ್ದಾಗ ನಡುವೆ ತಡೆದು, “ಮಾವಿನಕಾಯಿದೋ, ನಿಂಬೆಕಾಯಿದೋ?” ಎಂದರು. ‘ಬಂಗಾರದ ಮನುಷ್ಯ’ 1972ರ ಚಿತ್ರ. ನಮ್ಮ ಟೆಂಟಿಗೆ ಬರುವಷ್ಟರಲ್ಲಿ ಕೆಲವು ವರ್ಷ ಕಳೆದಿತ್ತು. ನಾನಾಗ ನಾಲ್ಕನೇ ಕ್ಲಾಸು. ಕೊನೆಯಲ್ಲಿ ರಾಜೀವಪ್ಪ ಮನೆ ಬಿಟ್ಟು ಹೋಗುವುದನ್ನು ಹೇಳುವಾಗ ನನಗೇ ಗಂಟಲು ಕಟ್ಟಿತ್ತು. ದೊಡ್ಡಮ್ಮ ಮಣೆ ಒತ್ತುವುದನ್ನು ನಿಲ್ಲಿಸಿ ಕೇಳಿದರು: “ಹೊರಡುವಾಗ ತಿರುಗಿ ನೋಡಿದನಾ?”

ನನಗೆ ಗೊತ್ತಿರಲಿಲ್ಲ. ಅಳುವುದರಲ್ಲಿ ಅದನ್ನು ಗಮನಿಸಿರಲಿಲ್ಲ. “ಹಾಗಾದ್ರೆ ನೀ ಪೂರಾ ನೋಡಿಲ್ಲ, ತಮಾ. ನಾಳೆ ಇನ್ನೊಂದ್ಸಲ ನೋಡಿ ಬಾ” ಎಂದು ನೆಲದ ಟಿಕೆಟಿಗೆ ಚಿಲ್ಲರೆ ಕೊಟ್ಟರು. ಮರುದಿನ ಓಡೋಡಿ ಹೋದರೆ ಟೆಂಟಿನಲ್ಲಿ ಸಿನಿಮಾ ಬದಲಾಗಿತ್ತು. ಅವತ್ತಿನಿಂದ ನಾನು ಯಾವ ಸಿನಿಮಾಕ್ಕೆ ಹೋದರೂ ದೊಡ್ಡಮ್ಮ ಏನು ಕೇಳಬಹುದು ಎಂದು ಯೋಚಿಸುತ್ತಲೇ ನೋಡುತ್ತೇನೆ. ಐವತ್ತು ವರ್ಷಗಳ ಸಿನಿಮಾ ಹುಚ್ಚಿನಿಂದ ನಾನು ಕಲಿತ ಒಂದೇ ಪಾಠ ಇದು: ಇನ್ನೊಬ್ಬರಿಗೆ ಹೇಳಬೇಕಾದವನ ಹಾಗೆ ನೋಡಿದರೆ ಮಾತ್ರ ನೋಡಿದ್ದು ನಮ್ಮದಾಗುತ್ತದೆ. ರಜೆಗೂ ಈ ಮಾತು ಸಲ್ಲುತ್ತದೆ.

“ಸೂಪರ್ ಆಗಿತ್ತು, ಮಾಮ”

ಕಳೆದ ಬೇಸಿಗೆಯಲ್ಲಿ ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಹದಿಮೂರು ವರ್ಷದ ಚುರುಕು ಹುಡುಗ. ಮೊದಲ ಹತ್ತು ದಿನದಲ್ಲಿ ಅವನು ಮೊಬೈಲಿನಲ್ಲಿ ಹನ್ನೊಂದು ಸಿನಿಮಾ ನೋಡಿದ. ನಾನೂ ಸಿನಿಮಾ ಪ್ರೇಮಿ, ಖುಷಿಯಿಂದಲೇ ವಿಚಾರಿಸಿದೆ. “ಸೂಪರ್ ಆಗಿತ್ತು, ಮಾಮ” ಎಂದ. ಕಥೆ ಏನು ಎಂದರೆ ಎರಡು ವಾಕ್ಯದಲ್ಲಿ ಮುಗಿಯಿತು. ಮೊನ್ನೆ ನೋಡಿದ್ದೂ ನಿನ್ನೆ ನೋಡಿದ್ದೂ ಅವನ ತಲೆಯಲ್ಲಿ ಕಲಸಿಹೋಗಿದ್ದವು. ಬೇಗ ಮುಗಿಯಲಿ ಎಂದು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತಿದ್ದ ಎಂದು ಆಮೇಲೆ ತಿಳಿಯಿತು.

ಇದು ಹುಡುಗರ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ದೊಡ್ಡವರೂ ಹೀಗೇ ಬದುಕುತ್ತಿದ್ದೇವೆ. ವಾರದ ಕೊನೆಯಲ್ಲಿ ಒಂದು ಸರಣಿಯ ಎಲ್ಲ ಕಂತುಗಳನ್ನು ಮುಗಿಸಿ, ಸೋಮವಾರ ಬೆಳಿಗ್ಗೆ ಕಣ್ಣುರಿಯೊಂದಿಗೆ ಆಫೀಸಿಗೆ ಹೋಗುತ್ತೇವೆ. ಬಿಡುವು ಸಿಕ್ಕಿತ್ತು, ಖರ್ಚೂ ಆಯಿತು, ಕೈಯಲ್ಲಿ ಏನೂ ಉಳಿಯಲಿಲ್ಲ. ಇಂಥ ಬಿಡುವು ದಣಿವನ್ನು ಕಳೆಯುವ ಬದಲು ಹೆಚ್ಚಿಸುತ್ತದೆ.

ಕತ್ತಲೆಯೂ ಸಿನಿಮಾದ ಭಾಗ

ಹಳೆಯ ಪ್ರೊಜೆಕ್ಟರಿನ ಒಂದು ಗುಟ್ಟು ನನಗೆ ಬಹಳ ಇಷ್ಟ. ರೀಲಿನಲ್ಲಿ ಸೆಕೆಂಡಿಗೆ 24 ಬಿಡಿ ಚಿತ್ರಗಳು ಓಡುತ್ತವೆ. ಒಂದು ಚಿತ್ರ ಸರಿದು ಇನ್ನೊಂದು ಬಂದು ನಿಲ್ಲುವಾಗ ಶಟರ್ ಅಡ್ಡ ಬಂದು ಬೆಳಕನ್ನು ಮುಚ್ಚುತ್ತದೆ. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅರ್ಧ ಹೊತ್ತು ಪರದೆಯ ಮೇಲೆ ಇರುವುದು ಬರೀ ಕತ್ತಲೆ. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ, ಬಿಡಿ ಚಿತ್ರಗಳನ್ನು ಮನಸ್ಸು ಬೆಸೆದು ಚಲನೆಯಾಗಿ ಕಾಣುತ್ತದೆ. ಆ ಕತ್ತಲೆ ಇಲ್ಲದೆ ಚಿತ್ರಗಳು ಎಡೆಬಿಡದೆ ಜಾರಿದ್ದರೆ ಪರದೆಯ ಮೇಲೆ ಕಾಣುತ್ತಿದ್ದುದು ಮಸುಕು ಮಾತ್ರ.

ಟೆಂಟಿನಲ್ಲಿ ಇನ್ನೊಂದು ಬಗೆಯ ಬಿಡುವಿತ್ತು. ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ನೆಲದವರು, ಬೆಂಚಿನವರು, ಕುರ್ಚಿಯವರು ಎಲ್ಲರೂ ಪಕ್ಕದವರ ಕಡೆ ತಿರುಗಿ “ಇನ್ನು ಇವನು ಸುಮ್ಮನಿರ್ತಾನಾ?”, “ಪಾಪ, ಆ ಹುಡುಗಿ!” ಎಂದು ಶುರುಮಾಡುತ್ತಿದ್ದರು. ಆಗಿದ್ದನ್ನು ಮೆಲುಕು ಹಾಕುವುದೂ ಆಗಲಿರುವುದನ್ನು ಊಹಿಸುವುದೂ ಆ ಎರಡು ಮೂರು ನಿಮಿಷದಲ್ಲಿ ನಡೆಯುತ್ತಿತ್ತು. ಆಟ ಮುಗಿದ ಮೇಲೆ ಟಾರ್ಚಿನ ಬೆಳಕಿನಲ್ಲಿ ಮೂರು ಮೈಲಿ ಮಾತಾಡುತ್ತ ನಡೆಯುತ್ತಿದ್ದೆವು. ಮನೆ ಮುಟ್ಟುವ ಹೊತ್ತಿಗೆ ಸಿನಿಮಾ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು.

ಈಗಿನ ಪರದೆಗಳು ಈ ಬಿಡುವನ್ನೇ ಕಿತ್ತುಕೊಂಡಿವೆ. ಒಂದು ಮುಗಿದ ಕೆಲವೇ ಸೆಕೆಂಡಿನಲ್ಲಿ ಇನ್ನೊಂದು ತಾನಾಗಿ ಶುರುವಾಗುತ್ತದೆ. ಕತ್ತಲೆ ಒದಗಿಸಿಕೊಳ್ಳುವ ಕೆಲಸ ಈಗ ನಮ್ಮದೇ. ಅದನ್ನು ನಾವು ರೂಢಿ ಮಾಡಿಕೊಳ್ಳಬೇಕು.

ಹೆಗ್ಗೋಡು ಕಲಿಸಿದ್ದು

ನಮ್ಮ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ನಾಟಕಕ್ಕೆ ಹೆಸರಾದದ್ದು ಎಲ್ಲರಿಗೂ ಗೊತ್ತು. 1973ರಲ್ಲಿ ಕೆ.ವಿ. ಸುಬ್ಬಣ್ಣ ಅಲ್ಲಿ ಚಿತ್ರಸಮಾಜವನ್ನೂ ಕಟ್ಟಿದರು. ಅಡಿಕೆ ತೋಟದ ನಡುವಿನ ಆ ಊರಿಗೆ ಸತ್ಯಜಿತ್ ರಾಯ್, ಕುರೊಸಾವಾರ ಚಿತ್ರಗಳು ಬಂದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹದ್ದೂರ್ ಅವರಂಥವರು ಬಂದು ಸಿನಿಮಾ ನೋಡುವ ಬಗೆಯನ್ನು ಹೇಳಿಕೊಟ್ಟರು. ಬಂಗಾಳಿ, ಜಪಾನಿ ಭಾಷೆಯ ಗಂಧವಿಲ್ಲದ ರೈತರು, ಗೃಹಿಣಿಯರು, ಶಾಲಾ ಮಾಸ್ತರರು ಆ ಚಿತ್ರಗಳನ್ನು ನೋಡಿ ಚರ್ಚಿಸಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನೋಡುವುದೂ ಕಲಿಯಬೇಕಾದ ಒಂದು ವಿದ್ಯೆ, ಹಳ್ಳಿಯವರಿಗೂ ಪಟ್ಟಣದವರಿಗೂ ಅದು ಸಮಾನವಾಗಿ ಒಲಿಯುತ್ತದೆ ಎಂಬ ನಂಬಿಕೆ ಆ ಕೆಲಸದ ಬುಡದಲ್ಲಿತ್ತು. ಸಿನಿಮಾ ಆದಮೇಲೆ ಕೂತು ಮಾತಾಡುವುದು ಅಲ್ಲಿ ಸಿನಿಮಾದಷ್ಟೇ ಮುಖ್ಯ. ನಮ್ಮ ಹಪ್ಪಳದ ಜಗಲಿಯಲ್ಲೂ ನಡೆಯುತ್ತಿದ್ದುದು ಅದೇ ಅಲ್ಲವೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ರಾಯ್ ಅವರ ಹೆಸರು ಬಂದಾಗ ಒಂದು ಸಂಗತಿ ಹೇಳಬೇಕು. ‘ಪಥೇರ್ ಪಾಂಚಾಲಿ’ಯಲ್ಲಿ ಅಪು, ದುರ್ಗಾ ಇಬ್ಬರೂ ಬಿಳಿ ಕಾಶ ಹೂವಿನ ಬಯಲಲ್ಲಿ ಓಡಿ ರೈಲು ನೋಡುವ ದೃಶ್ಯವಿದೆ. 1952ರ ಅಕ್ಟೋಬರಿನಲ್ಲಿ ಅದರ ಚಿತ್ರೀಕರಣ ಶುರುವಾಯಿತು. ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇದು ಮುಗಿಸಿದ್ದವು. ಬಯಲು ಮತ್ತೆ ಹೂ ಬಿಡಲಿ ಎಂದು ರಾಯ್ ಮರುವರ್ಷದವರೆಗೆ ಕಾದರು. ನಾಲ್ಕಾರು ನಿಮಿಷದ ದೃಶ್ಯಕ್ಕೆ ಒಂದು ವರ್ಷ! ಇದನ್ನು ತಂಗಿಯ ಮಗನಿಗೆ ಹೇಳಿದೆ. “ಅವರು ಒಂದು ವರ್ಷ ಕಾದು ತೆಗೆದದ್ದನ್ನು ನಾವು ಓಡಿಸಿ ನೋಡೋದು ನ್ಯಾಯವಾ?” ಎಂದೆ. ಅವನು ಏನೂ ಹೇಳಲಿಲ್ಲ. ಮೊಬೈಲನ್ನು ಮಾತ್ರ ಕೆಳಗಿಟ್ಟ.

ರೂಢಿಸಿಕೊಳ್ಳಬಹುದಾದದ್ದು

ನಾನು ವರ್ಷಗಳಿಂದ ಪಾಲಿಸುತ್ತಿರುವ ಕೆಲವು ಅಭ್ಯಾಸಗಳಿವೆ. ಯಾವುದಕ್ಕೂ ದುಡ್ಡು ಬೇಕಿಲ್ಲ.

ಏನು ನೋಡಬೇಕೆಂಬುದನ್ನು ಹಿಂದಿನ ದಿನವೇ ತೀರ್ಮಾನಿಸಿಡಿ. ಪರದೆಯ ಮುಂದೆ ಕೂತು ಹುಡುಕಲು ಹೊರಟರೆ ಅರ್ಧ ಗಂಟೆ ಹುಡುಕಾಟಕ್ಕೇ ಹೋಗುತ್ತದೆ, ಮನಸ್ಸು ಅಲ್ಲೇ ಸೋತಿರುತ್ತದೆ. ನಾಳೆ ಸಂಜೆ ಇಂಥ ಸಿನಿಮಾ ಎಂದು ಗೊತ್ತಿದ್ದರೆ ಇಡೀ ದಿನಕ್ಕೆ ಒಂದು ಹಬ್ಬದ ಕಳೆ. ಆಟ ಶುರುವಾಗುವ ಮುಂಚೆ ಟೆಂಟಿನ ಮೈಕಿನಲ್ಲಿ ಘಂಟಸಾಲ ಅವರ ವೆಂಕಟೇಶನ ಹಾಡು ಕೇಳಿದೊಡನೆ ನಮ್ಮ ಕಾಲು ತಾವಾಗಿ ಚುರುಕಾಗುತ್ತಿದ್ದುದು ಆ ಕಾಯುವಿಕೆಯ ಸುಖದಿಂದ.

ನೋಡುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಥಿಯೇಟರಿನಲ್ಲಾದರೆ ಆರಿಸಿಡಿ. ಕತ್ತಲಲ್ಲಿ ಬೆಳಗುವ ಒಂದು ಪುಟ್ಟ ಪರದೆ ಹಿಂದಿನ ಹತ್ತು ಜನರ ಗಮನ ಕದಿಯುತ್ತದೆ. ಕೊನೆಯಲ್ಲಿ ಹೆಸರುಗಳು ಓಡುವಾಗ ಎದ್ದು ಹೋಗದೆ ಕೂತಿರಿ. ದುಡಿದವರಿಗೆ ಸಲ್ಲುವ ಮರ್ಯಾದೆ ಅದು, ನಿಮಗೂ ಎರಡು ನಿಮಿಷದ ಕತ್ತಲೆ ಸಿಗುತ್ತದೆ.

ಒಂದು ರಾತ್ರಿಗೆ ಒಂದೇ ಸಿನಿಮಾ ಸಾಕು. ಎರಡನೆಯದು ಮೊದಲನೆಯದನ್ನು ಅಳಿಸುತ್ತದೆ.

ಒಂದು ನೋಟ್‌ಬುಕ್ ಇಡಿ. ತಾರೀಖು, ಚಿತ್ರದ ಹೆಸರು, ಮನಸ್ಸಿನಲ್ಲಿ ನಿಂತ ಒಂದು ದೃಶ್ಯ, ಉತ್ತರ ಸಿಗದ ಒಂದು ಪ್ರಶ್ನೆ, ಯಾರಿಗೆ ಕಥೆ ಹೇಳಿದೆ ಎಂಬುದು. ಐದು ಸಾಲು ಸಾಕು. ಕೊನೆಯ ಸಾಲು ಖಾಲಿ ಉಳಿಯದಂತೆ ನೋಡಿಕೊಳ್ಳಿ.

ನೋಡಲು ಹೊರಟವರಿಗೆ ಕೊನೆ ಹೇಳಬೇಡಿ, ನೋಡಲಾಗದವರಿಗೆ ಪೂರ್ತಿ ಹೇಳಿ. ಇನ್ನೊಬ್ಬರ ಮೆಚ್ಚಿನ ನಟನನ್ನು ಹೀಯಾಳಿಸಿ ನಿಮ್ಮ ನಟನನ್ನು ದೊಡ್ಡವನನ್ನಾಗಿ ಮಾಡಲು ಹೋಗಬೇಡಿ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರೆಂದು ಕರೆದರು. ಆ ಮಾತಿಗೆ ತಕ್ಕ ನಡತೆ ನಮ್ಮಲ್ಲಿರಬೇಕು.

ಪ್ರವಾಸಕ್ಕೂ ಇದೇ

ಬೇಸಿಗೆ ರಜೆಯ ಪ್ರವಾಸವೂ ಈಗ ಓಡಿಸಿ ನೋಡುವ ಸಿನಿಮಾದ ಹಾಗಾಗಿದೆ. ಎರಡು ದಿನಕ್ಕೆ ಜೋಗ, ಸಿಗಂದೂರು, ಇಕ್ಕೇರಿ, ಕೊಲ್ಲೂರು, ಆಗುಂಬೆ. ಆಗುಂಬೆಯಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡ ಮನೆಯ ಮುಂದೆ ಫೋಟೊ ತೆಗೆಸಿಕೊಂಡು ಹತ್ತೇ ನಿಮಿಷದಲ್ಲಿ ಕಾರು ಹತ್ತುವವರನ್ನು ಕಂಡಿದ್ದೇನೆ. ಒಂದು ಸಂಜೆ ಆ ಬೀದಿಯಲ್ಲಿ ನಡೆದಾಡಿದರೆ, ಒಂದು ಲೋಟ ಕಷಾಯ ಕುಡಿದು ಯಾರದಾದರೂ ಜಗಲಿಯಲ್ಲಿ ಕೂತರೆ, ಊರಿಗೆ ಮರಳಿ ಹೇಳಲು ಒಂದು ಕಥೆ ಸಿಗುತ್ತದೆ. ಫೋಟೊ ಎಲ್ಲರ ಹತ್ತಿರವೂ ಒಂದೇ ತರಹದ್ದು ಇರುತ್ತದೆ. ಕಥೆ ಮಾತ್ರ ಅವರವರದೇ.

ಹಾಗಾಗಿ ತಂಗಿಯ ಮಗನನ್ನು ನಾನು ಒಂದೇ ಜಾಗಕ್ಕೆ ಕರೆದುಕೊಂಡು ಹೋದೆ, ಶರಾವತಿ ಹಿನ್ನೀರಿಗೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಇಲ್ಲಿನ ಊರುಗಳು, ಗದ್ದೆಗಳು, ಕಾಡು ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಮರದ ಬೊಡ್ಡೆಗಳು ಮೇಲೆ ಕಾಣುತ್ತವೆ. ನೀರು ತೀರಾ ಇಳಿದ ವರ್ಷ, ಲಿಂಗನಮಕ್ಕಿಗೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮೇಲೆದ್ದು ನಿಲ್ಲುತ್ತದೆ. ಅವನು ಬೊಡ್ಡೆಯ ಮೇಲೆ ಕೂತು ಸಂಜೆಯವರೆಗೂ ನೀರು ನೋಡಿದ. ಆ ರಾತ್ರಿ ನಾವು ‘ದ್ವೀಪ’ ನೋಡಿದೆವು. ಸಾಗರದವರೇ ಆದ ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ಚಿತ್ರ. ಏರುವ ನೀರಿನ ನಡುವೆ, ಊರು ಬಿಟ್ಟು ಹೋಗಲಾರದೆ ಉಳಿಯುವ ಒಂದು ಸಂಸಾರದ ಕಥೆ, ಚಿತ್ರದ ತುಂಬ ಸುರಿಯುವ ಮಳೆ. ಅವನು ಒಂದು ಸಲವೂ ಮೊಬೈಲ್ ಕೇಳಲಿಲ್ಲ.

ಮರುದಿನ ದೊಡ್ಡಮ್ಮನ ಹತ್ತಿರ ಕೂರಿಸಿದೆ. ಅವರಿಗೀಗ ಎಂಬತ್ತು ದಾಟಿದೆ, ಕಣ್ಣು ಮಂಜು, ಟೀವಿ ಕಾಣುವುದಿಲ್ಲ. “ಅಜ್ಜಿಗೆ ಕಥೆ ಹೇಳು” ಎಂದೆ. ಮೊದಲು ತಡವರಿಸಿದ, ಆಮೇಲೆ ದಾರಿ ಸಿಕ್ಕಿತು. ದೊಡ್ಡಮ್ಮ ಎಂದಿನಂತೆ ತಡೆದು ತಡೆದು ಕೇಳಿದರು: ಮನೆಗೆ ಹುಲ್ಲಿನ ಮಾಡೋ, ಹಂಚಿನದೋ? ದೋಣಿ ಎಲ್ಲಿ ಕಟ್ಟಿದ್ರು? ಆ ಸೊಸೆ ಒಲೆಗೆ ಒಣಗಿದ ಕಟ್ಟಿಗೆ ಎಲ್ಲಿಂದ ತಂದ್ಲು? ಉತ್ತರ ಗೊತ್ತಿಲ್ಲದ್ದಕ್ಕೆ ಅವನು ಎದ್ದು ಹೋಗಿ ಆ ಭಾಗವನ್ನು ಮತ್ತೆ ನೋಡಿ ಬಂದು ಹೇಳಿದ. ಕಥೆ ಎರಡು ಸಂಜೆ ನಡೆಯಿತು.

ಮುಗಿದ ಮೇಲೆ ದೊಡ್ಡಮ್ಮ ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ತವರಿನ ವಿಷಯ ತೆಗೆದರು. ಅದೂ ಮುಳುಗಡೆಯಾದ ಊರು. ನಮಗೆಲ್ಲ ಅದು ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ಗಾಡಿಗೆ ಏನೇನು ಹೇರಿದರು, ಯಾವ ಗದ್ದೆಗೆ ಮೊದಲು ನೀರು ಬಂತು, ಎಲ್ಲವನ್ನೂ ನಿನ್ನೆ ನಡೆದಂತೆ ಹೇಳಿದರು. ಹುಡುಗ ಹತ್ತಿರ ಸರಿದು ಕೂತ.

“ಹೊರಡುವಾಗ ತಿರುಗಿ ನೋಡಿದ್ರಾ, ಅಜ್ಜಿ?” ಎಂದ.

ನನ್ನ ಎದೆ ಝಲ್ಲೆಂದಿತು. ಆ ಪ್ರಶ್ನೆಯ ಸುದ್ದಿಯನ್ನು ನಾನು ಅವನಿಗೆ ಹೇಳಿರಲೇ ಇಲ್ಲ.

“ಇಲ್ಲ ತಮಾ” ಎಂದರು ದೊಡ್ಡಮ್ಮ. “ಕಂದು ಕರ ಬರಲೊಲ್ಲೆ ಅಂತ ಹಟ ಮಾಡ್ತಿತ್ತು. ಅದನ್ನ ಎಳಕೊಂಡು ಹೋಗೋದ್ರಲ್ಲೇ ಇದ್ದೆ. ತಿರುಗಿ ನೋಡಬೇಕಿತ್ತು.”