ಸಾಲ ಕೊಟ್ಟವರ ಹೊಣೆ ಎಲ್ಲಿಯವರೆಗೆ?

ಹೊಸ ಮನೆ ಬಿರುಕು ಬಿಟ್ಟರೆ ಮೇಸ್ತ್ರಿಯನ್ನು ಬೈಯುತ್ತೇವೆ, ಬಿಲ್ಡರನ್ನು ಹಿಡಿಯುತ್ತೇವೆ. ಆ ಬಿಲ್ಡರಿಗೆ ಸಾಲ ಕೊಟ್ಟ ಬ್ಯಾಂಕಿನ ನೆನಪು ಯಾರಿಗೂ ಬರುವುದಿಲ್ಲ. ಹಣ ಕೊಟ್ಟು ಬಡ್ಡಿ ಸಮೇತ ವಸೂಲು ಮಾಡುವವರಿಗೆ ಕಲ್ಲುಮಣ್ಣಿನ ಗೊಡವೆ ಏಕೆ? 1968ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಈ ಪ್ರಶ್ನೆಯನ್ನು ನಿಜವಾಗಿಯೂ ಕೇಳಿತು.

ವೆಂಚುರಾ ಕೌಂಟಿಯಲ್ಲಿ ಅನುಭವವೂ ಬಂಡವಾಳವೂ ಕಡಿಮೆಯಿದ್ದ ಕಂಪನಿಯೊಂದು ಬಡಾವಣೆ ಎಬ್ಬಿಸಿತ್ತು. ಅಲ್ಲಿನದು ಒಣಗಿದಾಗ ಕುಗ್ಗಿ, ನೆನೆದಾಗ ಉಬ್ಬುವ ಜೇಡಿಮಣ್ಣು. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಮನೆ ಕಟ್ಟಿಸಿದವರಿಗೆ ಇಂಥ ಮಣ್ಣಿನ ಚೇಷ್ಟೆ ಗೊತ್ತು. ಅದಕ್ಕೆ ತಕ್ಕ ಅಡಿಪಾಯ ಹಾಕಿರಲಿಲ್ಲ. ಮಳೆ ಬಿದ್ದ ಮೇಲೆ ಮನೆಗಳು ಬಿರುಕು ಬಿಟ್ಟವು. ಕೊಂಡವರು ಬಿಲ್ಡರಿನ ಜೊತೆಗೆ ಗ್ರೇಟ್ ವೆಸ್ಟರ್ನ್ ಸೇವಿಂಗ್ಸ್ ಎಂಬ ಸಾಲಸಂಸ್ಥೆಯ ಮೇಲೂ ದಾವೆ ಹೂಡಿದರು. ಆ ಸಂಸ್ಥೆ ಸಾಲ ಕೊಟ್ಟು ಸುಮ್ಮನೆ ಕೂತಿರಲಿಲ್ಲ. ಜಮೀನಿನ ಒಂದು ಭಾಗವನ್ನು ತಾನೇ ಕೊಂಡಿಟ್ಟುಕೊಂಡು, ಲಾಭ ಸೇರಿಸಿ ಬಿಲ್ಡರಿಗೆ ಮಾರಿತ್ತು. ಮನೆ ಕೊಳ್ಳುವವರಿಗೆ ಸಾಲ ಕೊಡುವ ಮೊದಲ ಅವಕಾಶವನ್ನೂ ಕಾದಿರಿಸಿಕೊಂಡಿತ್ತು. ಅಡಿಪಾಯದ ನಕ್ಷೆಯನ್ನು ಮಾತ್ರ ಬಿಚ್ಚಿ ನೋಡಲಿಲ್ಲ!

ಮುಖ್ಯ ನ್ಯಾಯಮೂರ್ತಿ ರಾಜರ್ ಟ್ರೇನರ್ ಬಹುಮತದ ತೀರ್ಪು ಬರೆದರು. ಸಂಸ್ಥೆ ಬಿಲ್ಡರಿನ ಪಾಲುದಾರನಲ್ಲ ಎಂಬುದನ್ನು ಅವರು ಒಪ್ಪಿದರು. ಆದರೆ ಸಾಲ ಕೊಡುವವರ ಮಾಮೂಲು ಗೆರೆಯನ್ನು ದಾಟಿ ಅದು ಬಡಾವಣೆಯ ಒಳಗೆ ಕಾಲಿಟ್ಟಿತ್ತು; ಹಾಗಾಗಿ ಕೊಳ್ಳುವವರಿಗೆ ಕೇಡಾಗದಂತೆ ಎಚ್ಚರ ವಹಿಸುವ ಹೊಣೆ ಅದರ ಮೇಲಿತ್ತು ಎಂದರು.

ಅದೇ ವರ್ಷ ಆಕ್ಸ್‌ಫರ್ಡಿನ ನ್ಯಾಯತತ್ತ್ವಜ್ಞ ಎಚ್.ಎಲ್.ಎ. ಹಾರ್ಟ್ ಅವರ ‘ಪನಿಷ್‌ಮೆಂಟ್ ಅಂಡ್ ರೆಸ್ಪಾನ್ಸಿಬಿಲಿಟಿ’ ಹೊರಬಂದಿತು. ಅದರಲ್ಲೊಬ್ಬ ಕುಡುಕ ಕಪ್ತಾನನಿದ್ದಾನೆ. ಅವನ ಹಡಗು ಮುಳುಗುತ್ತದೆ. ಅವನ ಹೊಣೆಯನ್ನು ಹಾರ್ಟ್ ನಾಲ್ಕು ಎಳೆಗಳಾಗಿ ಬಿಡಿಸುತ್ತಾರೆ: ಕಪ್ತಾನನೆಂಬ ಸ್ಥಾನದಿಂದ ಬಂದದ್ದು, ನಷ್ಟಕ್ಕೆ ಕಾರಣನಾದದ್ದು, ದಂಡಕ್ಕೆ ಗುರಿಯಾಗುವುದು, ಬುದ್ಧಿ ಸ್ವಾಧೀನದಲ್ಲಿರುವುದು. ನಮಗಿಲ್ಲಿ ಬೇಕಾದದ್ದು ಮೊದಲ ಎಳೆ. ಬ್ಯಾಂಕಿನ ಹಣವಿಲ್ಲದೆ ಬಡಾವಣೆ ಏಳುತ್ತಿರಲಿಲ್ಲ, ಹಾಗಾಗಿ ಕಾರಣಗಳ ಸರಪಳಿಯಲ್ಲಿ ಬ್ಯಾಂಕು ಇದ್ದೇ ಇದೆ. ಆದರೆ ಅದೇ ಸರಪಳಿಯಲ್ಲಿ ಸಿಮೆಂಟ್ ಮಾರಿದವನೂ ಇದ್ದಾನೆ. ಎಲ್ಲರನ್ನೂ ಕಟಕಟೆಗೆ ಹತ್ತಿಸಲು ಬರುವುದಿಲ್ಲ. ಯಾರು ಯಾವ ಸ್ಥಾನದಲ್ಲಿದ್ದರು, ಆ ಸ್ಥಾನದಲ್ಲಿ ಏನನ್ನು ನೋಡಿಕೊಳ್ಳಬೇಕಿತ್ತು ಎಂದು ಕೇಳಬೇಕಾಗುತ್ತದೆ. ಕರಾರುಪತ್ರದಲ್ಲಿ ಸ್ಥಾನ ಯಾವುದೇ ಇರಲಿ, ನಡೆದುಕೊಂಡ ರೀತಿ ಅದನ್ನು ಬದಲಿಸಬಲ್ಲದು.

ತೀರ್ಪಿಗೆ ಕ್ಯಾಲಿಫೋರ್ನಿಯಾದ ಶಾಸನಸಭೆ ಬೆಚ್ಚಿಬಿತ್ತು. ಮರುವರ್ಷವೇ ಸಿವಿಲ್ ಸಂಹಿತೆಗೆ 3434ನೆಯ ಸೆಕ್ಷನ್ ಸೇರಿತು: ಸಾಲ ಕೊಟ್ಟವರು ತಮ್ಮ ಕೆಲಸದ ಎಲ್ಲೆ ಮೀರಿದ್ದರೆ, ಇಲ್ಲವೇ ಸುಳ್ಳು ಹೇಳುವುದರಲ್ಲಿ ಪಾಲುಗೊಂಡಿದ್ದರೆ ಮಾತ್ರ ಹೊಣೆ. ಇದರಲ್ಲೊಂದು ತೊಡಕಿದೆ. ಒಳಗೆ ಕಾಲಿಟ್ಟರೆ ಹೊಣೆ ಎಂದಾದರೆ, ಜಾಣ ಬ್ಯಾಂಕು ಕಣ್ಣು ಮುಚ್ಚಿಕೊಂಡು ಹೊರಗೇ ನಿಲ್ಲುತ್ತದೆ. ಅರಿಸ್ಟಾಟಲ್ ಇದನ್ನು ಒಪ್ಪುತ್ತಿರಲಿಲ್ಲ ಎನಿಸುತ್ತದೆ. ತನ್ನ ಅಜ್ಞಾನಕ್ಕೆ ತಾನೇ ಕಾರಣನಾದವನಿಗೆ ಅದು ರಕ್ಷೆಯಾಗದು ಎಂದು ‘ನಿಕೊಮಾಕಿಯನ್ ಎಥಿಕ್ಸ್’ನ ಮೂರನೆಯ ಭಾಗದಲ್ಲಿ ಅವನು ವಾದಿಸುತ್ತಾನೆ, ಕುಡಿದು ತಪ್ಪು ಮಾಡಿದವರಿಗೆ ಇಮ್ಮಡಿ ದಂಡ ಹಾಕುತ್ತಿದ್ದುದನ್ನು ಉದಾಹರಣೆಗೆ ತರುತ್ತಾನೆ.

ಮಾಲ್, ಆಫೀಸು ಕಟ್ಟಡಗಳ ವ್ಯಾಜ್ಯಗಳಲ್ಲಿ ಎಷ್ಟೋ ಸಲ ದೂರು ತಿರುಗುಮುರುಗಾಗಿರುತ್ತದೆ: ಬ್ಯಾಂಕು ನಡುವೆ ಹಣ ನಿಲ್ಲಿಸಿ ಮುಳುಗಿಸಿತು ಎಂದು ಡೆವಲಪರೇ ಕೋರ್ಟಿಗೆ ಹೋಗುತ್ತಾನೆ. ಇಂಥ ದೂರುಗಳಿಗೆಲ್ಲ ಬಲ ಕೊಟ್ಟದ್ದು ಟೆನ್ನೆಸ್ಸಿಯ ಒಂದು ದಿನಸಿ ಕಂಪನಿಯ ಮೊಕದ್ದಮೆ. ಬ್ಯಾಂಕು ಮುನ್ಸೂಚನೆಯಿಲ್ಲದೆ ಹಣ ತಡೆದದ್ದು ಸದ್ಭಾವಕ್ಕೆ ವಿರುದ್ಧವೆಂದು ಜ್ಯೂರಿ ಆ ಕಂಪನಿಗೆ 75 ಲಕ್ಷ ಡಾಲರ್ ಕೊಡಿಸಿತು. 1985ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಐದು ವರ್ಷದ ಬಳಿಕ ಇನ್ನೊಂದು ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಾಧೀಶ ಫ್ರಾಂಕ್ ಈಸ್ಟರ್‌ಬ್ರೂಕ್ ಇದಕ್ಕೆ ತದ್ವಿರುದ್ಧ ನಿಲುವು ತಳೆದರು: ಚೌಕಾಸಿ ಮಾಡಿ ಬರೆದುಕೊಂಡ ಕರಾರನ್ನು ಅಕ್ಷರಶಃ ಜಾರಿ ಮಾಡುವುದು ದ್ರೋಹವಾಗದು. ವಕೀಲರನ್ನು ಪಕ್ಕದಲ್ಲಿಟ್ಟುಕೊಂಡು ಸಹಿ ಹಾಕಿದ ಇಬ್ಬರ ನಡುವೆ ಈಸ್ಟರ್‌ಬ್ರೂಕ್ ಹೇಳಿದ್ದೇ ಸರಿ ಎಂದು ನನ್ನ ಎಣಿಕೆ. ಆದರೆ ಸಹಿಯನ್ನೇ ಹಾಕದ ಮೂರನೆಯವನನ್ನು, ಎಂದರೆ ಮನೆ ಕೊಂಡವನನ್ನು, ಆ ಕರಾರು ತೋರಿಸಿ ಬಾಯಿ ಮುಚ್ಚಿಸುವಂತಿಲ್ಲ. ಅವನ ಮುಂದೆ ಬ್ಯಾಂಕು ಉತ್ತರಿಸಬೇಕಾದದ್ದು ತನ್ನ ಸ್ಥಾನಕ್ಕೆ.

ನಮ್ಮ ಸುಪ್ರೀಂ ಕೋರ್ಟು ಆಮ್ರಪಾಲಿ ಎಂಬ ಬಿಲ್ಡರ್ ಕಂಪನಿಯ ಪ್ರಕರಣದಲ್ಲಿ ಈ ಮೂರನೆಯವನನ್ನೇ ಮುಂದಿಟ್ಟುಕೊಂಡಿತು. ನೊಯ್ಡಾ, ಗ್ರೇಟರ್ ನೊಯ್ಡಾಗಳಲ್ಲಿ ಸಾವಿರಾರು ಜನ ಫ್ಲ್ಯಾಟಿಗೆಂದು ಕಟ್ಟಿದ ಹಣ ಬೇರೆಡೆಗೆ ಹರಿದಿತ್ತು. ಸಾಲದ ಹಣ ಎಲ್ಲಿ ಹೋಗುತ್ತಿದೆ ಎಂದು ಬ್ಯಾಂಕುಗಳು ಗಮನಿಸಲಿಲ್ಲ ಎಂಬುದನ್ನೇ 2019ರ ಜುಲೈ ತೀರ್ಪು ದೋಷವೆಂದು ಎಣಿಸಿತು. ಕಣ್ಣು ಮುಚ್ಚಿದ್ದು ಅಲ್ಲಿ ರಕ್ಷೆಯಾಗಲಿಲ್ಲ. ಉಳಿದ ಕಟ್ಟಡಗಳನ್ನು ಮುಗಿಸುವ ಕೆಲಸ ಸರ್ಕಾರಿ ಸಂಸ್ಥೆ ಎನ್‌ಬಿಸಿಸಿಗೆ ಹೋಯಿತು. ಬ್ಯಾಂಕುಗಳು ತಮ್ಮ ಬಾಕಿಗಾಗಿ ಕೊಂಡವರ ಫ್ಲ್ಯಾಟುಗಳ ಮೇಲೆ ಕೈಹಾಕುವಂತಿಲ್ಲ ಎಂದು ಕೋರ್ಟು ವಿಧಿಸಿತು.