ಕಿವಿಗೊಡುವವರಿಗೆ ಧರ್ಮದ ಸರ್ಟಿಫಿಕೇಟು ಬೇಕೆ?

ಊರು ಬಿಟ್ಟು ಬಂದವರ ಮಕ್ಕಳಿಗೆ ಒಂದು ಕೊರತೆ ಇದ್ದೇ ಇರುತ್ತದೆ. ಅಪ್ಪ ಅಮ್ಮನ ಹತ್ತಿರ ಹೇಳಲಾಗದ್ದನ್ನು ಹೇಳಿಕೊಳ್ಳಲು ಅಜ್ಜಿ ಇಲ್ಲ, ಸೋದರಮಾವ ಇಲ್ಲ, ಪಕ್ಕದ ಮನೆಯ ಅಕ್ಕನೂ ಇಲ್ಲ. ಪುಣೆ, ಮುಂಬಯಿಗಳಲ್ಲಿ ಮಕ್ಕಳನ್ನು ಬೆಳೆಸಿದ ನಮ್ಮಂಥವರಿಗೆ ಇದು ಗೊತ್ತಿರುವ ಮಾತೇ. ಹಾಗಾದರೆ ಮಕ್ಕಳ ಮಾತಿಗೆ ಕಿವಿಗೊಡುವ ಒಬ್ಬರನ್ನು ಶಾಲೆಯೇ ಒದಗಿಸಬೇಕೆ? ಒದಗಿಸಿದರೆ, ಚರ್ಚಿನ ಬೆಂಬಲದಿಂದ ಬಂದವರು ಆ ಕೆಲಸ ಮಾಡಬಹುದೆ?

ಆಸ್ಟ್ರೇಲಿಯಾದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಸಮನಾದ ಹೈಕೋರ್ಟಿನವರೆಗೂ ಹೋಗಿತ್ತು. ನನ್ನ ಮೊಮ್ಮಗ ಬ್ರಿಸ್ಬೇನಿನ ಸರ್ಕಾರಿ ಶಾಲೆಯಲ್ಲಿ ಓದುವುದರಿಂದ ನನಗೆ ಅದು ಪರರ ಮನೆ ಸುದ್ದಿ ಅನಿಸುವುದಿಲ್ಲ.

2006ರಲ್ಲಿ ಪ್ರಧಾನಿ ಜಾನ್ ಹೋವರ್ಡ್ ಒಂದು ಯೋಜನೆ ಘೋಷಿಸಿದರು. ಶಾಲೆಯೊಂದಕ್ಕೆ ವರ್ಷಕ್ಕೆ 20 ಸಾವಿರ ಡಾಲರ್‌ವರೆಗೆ ಕೇಂದ್ರದ ಹಣ; ಅದರಿಂದ ‘ಚಾಪ್ಲಿನ್’ ಒಬ್ಬರ ನೇಮಕ. ಕೆಲಸ ಪೂಜೆ ಪ್ರಾರ್ಥನೆಯದಲ್ಲ. ತಂದೆತಾಯಿ ಬೇರೆಯಾದ ಮಗು, ಸಾವು ಕಂಡ ಮಗು, ಜೊತೆಗಾರರ ಕಾಟಕ್ಕೆ ಹೆದರಿದ ಮಗು, ಇವರ ಜೊತೆ ಕೂತು ಮಾತಾಡುವುದು. ಕೆಲವು ಕಡೆ ಬೆಳಿಗ್ಗೆ ತಿಂಡಿಯ ವ್ಯವಸ್ಥೆಯೂ ಉಂಟು. ಮತಪ್ರಚಾರ ಕೂಡದು ಎಂದು ನಿಯಮವೇ ಇದೆ. ಚಾಪ್ಲಿನ್ ಯಾವ ಧರ್ಮದವರೂ ಆಗಬಹುದಿತ್ತು. ಬಂದವರು ಬಹುಪಾಲು ಕ್ರೈಸ್ತರೇ. ಸರ್ಕಾರದ ಹಣ ಸಾಲದ ಕಡೆ ಸ್ಥಳೀಯ ಚರ್ಚುಗಳು ಕೈ ಸೇರಿಸುತ್ತವೆ.

ಕ್ವೀನ್ಸ್‌ಲ್ಯಾಂಡಿನ ತೂವೂಂಬಾ ಊರಿನ ರಾನ್ ವಿಲಿಯಮ್ಸ್ ಎಂಬ ತಂದೆ ಇದನ್ನು ಪ್ರಶ್ನಿಸಿದರು. 2012ರಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆದರೆ ಧರ್ಮದ ಕಾರಣಕ್ಕಲ್ಲ! ಚಾಪ್ಲಿನ್ ಕೇಂದ್ರ ಸರ್ಕಾರದ ಹುದ್ದೆಯಲ್ಲಿಲ್ಲ, ಆದ್ದರಿಂದ ಹುದ್ದೆಗೆ ಧರ್ಮದ ಪರೀಕ್ಷೆ ಇಡಬಾರದೆಂಬ ಸಂವಿಧಾನದ ಕಲಮು ಇಲ್ಲಿಗೆ ಅನ್ವಯಿಸದು ಎಂದಿತು. ಗೆದ್ದದ್ದು ಬೇರೆ ವಾದ: ಪಾರ್ಲಿಮೆಂಟಿನ ಕಾನೂನಿಲ್ಲದೆ ಇಂಥ ಖರ್ಚು ಮಾಡುವ ಅಧಿಕಾರ ಸರ್ಕಾರಕ್ಕಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸಾಲ ಒಳ್ಳೆಯದೋ ಕೆಟ್ಟದ್ದೋ ಆಮೇಲೆ. ಸ್ಯಾಂಕ್ಷನ್ ಮಾಡುವ ಅಧಿಕಾರ ನಿನಗಿತ್ತೇನಪ್ಪಾ, ಅಂತ ಇನ್‌ಸ್ಪೆಕ್ಟರು ಮೊದಲು ಕೇಳುತ್ತಾರೆ. ಪಾರ್ಲಿಮೆಂಟು ದಿನಗಳಲ್ಲೇ ಕಾನೂನು ಮಾಡಿತು. 2014ರಲ್ಲಿ ಅದೂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಆಮೇಲೆ ಹಣ ರಾಜ್ಯಗಳ ಮೂಲಕ ಹರಿಯಿತು. ಅಂದರೆ ನೈತಿಕ ಪ್ರಶ್ನೆಗೆ ಕೋರ್ಟಿನಲ್ಲಿ ಉತ್ತರ ಸಿಗಲೇ ಇಲ್ಲ. ಅದನ್ನು ನಾವೇ ಯೋಚಿಸಬೇಕು.

‘ಹಸಿದವನಿಗೆ ಅನ್ನ ಹಾಕುವವರ ಜಾತಿ ಕೇಳ್ತೀರೇನ್ರೀ?’ ಎಂದು ಯಾರಾದರೂ ಕೇಳಬಹುದು. ಮಾತು ತೂಕದ್ದೇ. ನಂಬಿಕೆಯಿಂದ ಬಂದವರು ಸಂಬಳ ನೋಡಿ ಬಂದವರಿಗಿಂತ ಹೆಚ್ಚು ಹೊತ್ತು ಕೂತಾರು. ನಮ್ಮ ಕನ್ನಡವನ್ನೇ ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಉದ್ದೇಶ ಧರ್ಮಪ್ರಚಾರ. ಆ ಮಿಷನ್ನಿನ ಕಿಟ್ಟೆಲ್ ಅವರು 1894ರಲ್ಲಿ ಕೊಟ್ಟ ನಿಘಂಟನ್ನು ನಾವೆಲ್ಲ ಕೃತಜ್ಞತೆಯಿಂದಲೇ ಬಳಸುತ್ತೇವೆ. ಮುಂಬಯಿಯ ಕಾನ್ವೆಂಟುಗಳಲ್ಲಿ ಕ್ಯಾಥೊಲಿಕ್ ಮಕ್ಕಳು ಕ್ಯಾಟೆಕಿಸಮ್ಮಿಗೆ ಹೋಗುವಾಗ ಮಿಕ್ಕವರು ಮಾರಲ್ ಸೈನ್ಸ್ ಕಲಿತರು. ಯಾರಿಗೂ ನಷ್ಟವಾಗಲಿಲ್ಲ.

ಆದರೆ ವ್ಯತ್ಯಾಸವಿದೆ. ನಿಘಂಟನ್ನು ಬೇಕಾದಾಗ ತೆರೆದು, ಸಾಕಾದಾಗ ಮುಚ್ಚುತ್ತೇವೆ. ಕಾನ್ವೆಂಟನ್ನು ಅಪ್ಪ ಅಮ್ಮ ತಿಳಿದೇ ಆರಿಸುತ್ತಾರೆ. ನೊಂದ ಮಗುವಿಗೆ ಹೀಗೆ ಆರಿಸಲು, ಮುಚ್ಚಲು ಬರುವುದಿಲ್ಲ. ಸಮಾಧಾನ ಹೇಳಿದವರನ್ನು ಅದು ಪ್ರೀತಿಸುತ್ತದೆ, ಪ್ರೀತಿಸಿದವರಂತೆ ಆಗಬಯಸುತ್ತದೆ. ಅದಕ್ಕೆ ಉಪದೇಶವೇ ಬೇಕಿಲ್ಲ. ನಮ್ಮ ಸಂವಿಧಾನದ 28ನೆಯ ವಿಧಿ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆಯನ್ನು ನಿಷೇಧಿಸಿದೆ. ಅನುದಾನಿತ ಶಾಲೆಯಲ್ಲಿ ಪಾಲಕರ ಒಪ್ಪಿಗೆ ಕೇಳಿದೆ. ಆದರೆ ಬೋಧನೆಯಿಲ್ಲದ ಪ್ರೀತಿಯನ್ನು ಯಾವ ಕಲಮು ಅಳೆದೀತು?

ಇನ್ನು ಅನ್ನದ ಮಾತಿಗೆ ಬರೋಣ. ಇಲ್ಲಿ ಜಾತಿ ಕೇಳಿದ್ದು ಉಣ್ಣುವವರಲ್ಲ, ನೇಮಕದ ನಿಯಮ. 2011ರಲ್ಲಿ ಲೇಬರ್ ಸರ್ಕಾರ, ಧರ್ಮದ ಸಂಬಂಧವಿಲ್ಲದ ಕಾರ್ಯಕರ್ತರೂ ಬರಬಹುದು ಅಂದಿತು. 2014ರಲ್ಲಿ ಮುಂದಿನ ಸರ್ಕಾರ ಅದನ್ನು ತೆಗೆದು, ಧಾರ್ಮಿಕ ಸಂಸ್ಥೆಯ ಮಾನ್ಯತೆ ಇದ್ದವರೇ ಬೇಕು ಅಂದಿತು. ಎಷ್ಟೇ ಅನುಭವವಿದ್ದರೂ ಯಾವ ಸಂಸ್ಥೆಗೂ ಸೇರದ ಮೇಷ್ಟ್ರೊಬ್ಬರು ಆ ಕುರ್ಚಿಯಲ್ಲಿ ಕೂರುವಂತಿರಲಿಲ್ಲ. ಎಲ್ಲರ ತೆರಿಗೆಯಿಂದ ಸಂಬಳ, ಕೆಲವರಿಗೆ ಮಾತ್ರ ಬಾಗಿಲು. ಇದು ನನಗೆ ಸರಿಕಾಣದು. ಕರುಣೆಗೆ ನಂಬಿಕೆ ಒಂದು ಮೂಲ ಇರಬಹುದು, ಒಂದೇ ಮೂಲವಲ್ಲ.

2023ರಿಂದ ಯೋಜನೆಯ ಹೆಸರೂ ಬದಲಾಗಿದೆ, ಧರ್ಮದ ಷರತ್ತೂ ಹೋಗಿದೆ. ಚಾಪ್ಲಿನ್ ಬೇಕೋ, ವಿದ್ಯಾರ್ಥಿ ಕ್ಷೇಮಾಧಿಕಾರಿ ಬೇಕೋ, ಶಾಲೆಯೇ ಆರಿಸಬಹುದು. ಒಳ್ಳೆಯ ಹೆಜ್ಜೆ. ಆದರೂ ಗಮನಿಸಿ, ಆಯ್ಕೆ ಶಾಲೆಯದು, ಮಗುವಿನದಲ್ಲ. ಚರ್ಚಿನಿಂದ ಬಂದವರ ಕೋಣೆಗೆ ಹೋಗಲು ಒಂದು ಮುಸ್ಲಿಂ ಹುಡುಗಿಯೋ ನಮ್ಮ ಮನೆಯ ಹುಡುಗನೋ ಹಿಂಜರಿದರೆ, ಹೋಗಲು ಇನ್ನೊಂದು ಕೋಣೆ ಇರಬೇಕು. ಕ್ವೀನ್ಸ್‌ಲ್ಯಾಂಡಿನ ಸರ್ಕಾರಿ ಶಾಲೆಗಳ ವ್ಯವಸ್ಥೆಯಲ್ಲಿ ಗೈಡೆನ್ಸ್ ಆಫೀಸರ್ ಎಂಬ ಹುದ್ದೆಯಿದೆ. ಅಂಥದ್ದು ಮಗುವಿನ ಕೈಗೆಟುಕುವಂತಿದ್ದರೆ ಚಾಪ್ಲಿನ್ ಇರುವುದಕ್ಕೂ ನನ್ನ ತಕರಾರಿಲ್ಲ.

ಬೇಡ ಅನ್ನಲು ದಾರಿ ಇದ್ದಾಗ ಮಾತ್ರ ಕೊಟ್ಟದ್ದು ಉಪಕಾರ. ದಾರಿ ಇಲ್ಲದಿದ್ದರೆ, ಕೊಟ್ಟವರ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಪಡೆದವರಿಗೆ ಅದು ಋಣ. ಹೊರನಾಡಿನಲ್ಲಿ ಬಾಳಿದ ನಾವು ಈ ಋಣದ ಭಾರ ಬಲ್ಲವರು. ನಮ್ಮ ಸಂಘಗಳೂ ಹೊಸದಾಗಿ ಊರಿಗೆ ಬಂದವರ ಮಕ್ಕಳನ್ನು ಕರೆದು ಮಾತಾಡಿಸುವಾಗ, ಅವರ ಮನೆತನ, ಮಠ ವಿಚಾರಿಸುವ ಮೊದಲು ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡರೆ ಸಾಕು.